ಟಿಡಿಎಸ್ ಕಡಿಮೆ ಇದ್ದರೆ ನೀರು ಶುದ್ಧವೇ?

ಕಳೆದ ಮಳೆಗಾಲದ ಕೊನೆಯಲ್ಲಿ ನಾನು ಕೆಲವು ದಿನ ತಂಗಿಯ ಮನೆಯಲ್ಲಿದ್ದೆ. ಒಂದು ಮಧ್ಯಾಹ್ನ ನೀರು ಶುದ್ಧೀಕರಿಸುವ ಯಂತ್ರ ಮಾರುವ ಯುವಕನೊಬ್ಬ ಬಂದ. "ಅಕ್ಕಾ, ನೀವು ಏನೂ ತೆಗೆದುಕೊಳ್ಳುವುದು ಬೇಡ. ನಿಮ್ಮ ನೀರನ್ನು ಪರೀಕ್ಷೆ ಮಾಡಿ ತೋರಿಸುತ್ತೇನೆ, ಅಷ್ಟೇ" ಎಂದ. ಉಚಿತವೆಂದ ಮೇಲೆ ಬೇಡವೆನ್ನಲು ಯಾರಿಗೂ ಮನಸ್ಸು ಬರಲಿಲ್ಲ.

ಎರಡು ಗಾಜಿನ ಲೋಟಗಳನ್ನು ಮೇಜಿನ ಮೇಲಿಟ್ಟ. ಒಂದರಲ್ಲಿ ಮನೆಯ ಬಾವಿ ನೀರು, ಇನ್ನೊಂದರಲ್ಲಿ ಅವನೇ ಬಾಟಲಿಯಲ್ಲಿ ತಂದ ನೀರು. ಕಡ್ಡಿಗಳಿದ್ದ ಒಂದು ಉಪಕರಣವನ್ನು ಎರಡೂ ಲೋಟಗಳಲ್ಲಿ ಮುಳುಗಿಸಿ ಪ್ಲಗ್ ಹಾಕಿದ. ನೋಡುತ್ತಿದ್ದಂತೆ ಬಾವಿ ನೀರು ಕಂದು ಬಣ್ಣಕ್ಕೆ ತಿರುಗಿ, ಮೇಲೆ ಕೊಳಕು ನೊರೆ ತೇಲತೊಡಗಿತು. ಅವನ ಬಾಟಲಿಯ ನೀರು ಹಾಗೇ ಉಳಿಯಿತು.

"ಯಾ ಅಲ್ಲಾಹ್, ಇಷ್ಟು ವರ್ಷ ನಾವು ಕುಡಿದದ್ದು ಇದನ್ನಾ?" ಎಂದು ತಂಗಿಯ ಅತ್ತೆ ಎದೆ ಮುಟ್ಟಿಕೊಂಡರು. ಆಮೇಲೆ ಆತ ಜೇಬಿನಿಂದ ಪೆನ್ನಿನಂಥ ಮೀಟರ್ ತೆಗೆದು ಬಾವಿ ನೀರಿಗೆ ಅದ್ದಿದ. 84 ಎಂದು ತೋರಿಸಿತು. ಅವನ ನೀರಿನಲ್ಲಿ 18. "ಟಿಡಿಎಸ್ ಕಡಿಮೆ ಇದ್ದಷ್ಟೂ ನೀರು ಶುದ್ಧ ಉಮ್ಮಾ" ಎಂದ. ಅರ್ಧ ಗಂಟೆಯಲ್ಲಿ ಮುಂಗಡ ಹಣ ಕೊಟ್ಟಾಗಿತ್ತು. ಉಳಿದದ್ದು ಕಂತಿನಲ್ಲಿ.

ಯಂತ್ರ ಅಡುಗೆ ಮನೆಯ ಗೋಡೆಗೆ ಬಂದು ಇಪ್ಪತ್ತು ದಿನಗಳಾಗಿರಬೇಕು, ತಂಗಿಯ ಕಿರಿಯ ಮಗನಿಗೆ ಜ್ವರ, ವಾಂತಿ ಶುರುವಾಯಿತು. ನಾಲ್ಕನೆಯ ದಿನ ಕಣ್ಣು ಹಳದಿಯಾಯಿತು. ಅದು ನೀರು, ಆಹಾರಗಳಿಂದ ಹರಡುವ ಕಾಮಾಲೆಯೆಂದು ವೈದ್ಯರು ಹೇಳಿದರು. "ಹೊಸ ಮೆಷಿನ್ ಇದೆಯಲ್ಲ ಡಾಕ್ಟ್ರೇ!" ಎಂದಳು ತಂಗಿ.

ಆ ಒಂದು ಮಾತನ್ನು ಬಿಡಿಸಿ ನೋಡುವುದಕ್ಕಾಗಿಯೇ ಈ ಲೇಖನ.

ಲೋಟದಲ್ಲಿ ನಿಜವಾಗಿ ನಡೆದದ್ದೇನು?

ಆ ಕಡ್ಡಿಗಳಲ್ಲಿ ಕೆಲವು ಕಬ್ಬಿಣದವು. ನೀರಿನಲ್ಲಿ ಸ್ವಲ್ಪವಾದರೂ ಲವಣಗಳಿದ್ದರೆ ಅದರೊಳಗೆ ವಿದ್ಯುತ್ ಹರಿಯುತ್ತದೆ. ಹರಿದಾಗ ಕಬ್ಬಿಣವೇ ಕರಗಿ ನೀರಿಗೆ ಬರುತ್ತದೆ. ನಾವು ಕಂಡ ಕಂದು ಬಣ್ಣ ಬಾವಿಯ ಕೊಳೆಯಲ್ಲ, ಕಡ್ಡಿಯ ತುಕ್ಕು. ಯಂತ್ರದಿಂದ ಬಂದ ನೀರಿನಲ್ಲಿ ಲವಣ ತೀರಾ ಕಡಿಮೆಯಾದ್ದರಿಂದ ವಿದ್ಯುತ್ ಸರಿಯಾಗಿ ಹರಿಯುವುದಿಲ್ಲ, ಬಣ್ಣವೂ ಬದಲಾಗುವುದಿಲ್ಲ. ಅದೇ 'ಶುದ್ಧ' ನೀರಿಗೆ ಒಂದು ಚಿಟಿಕೆ ಉಪ್ಪು ಹಾಕಿದರೆ ಅದೂ ಕಂದಾಗುತ್ತದೆ. ಅಡುಗೆಗೆ ಹಾಕುವ ಉಪ್ಪು ವಿಷವಲ್ಲವಲ್ಲ! (ಇದನ್ನು ಮನೆಯಲ್ಲಿ ಮಾಡಿ ನೋಡಲು ಹೋಗಬೇಡಿ. ನೀರು ಮತ್ತು ವಿದ್ಯುತ್ ಸೇರಿದರೆ ಪ್ರಾಣಕ್ಕೇ ಅಪಾಯ.)

ಪೆನ್ನಿನಂಥ ಮೀಟರ್ ಅಳೆಯುವುದೂ ಇದನ್ನೇ. ಟಿಡಿಎಸ್ ಎಂದರೆ ನೀರಿನಲ್ಲಿ ಕರಗಿರುವ ಒಟ್ಟು ಪದಾರ್ಥಗಳ ಪ್ರಮಾಣ. ನೀರಿನಲ್ಲಿ ವಿದ್ಯುತ್ ಎಷ್ಟು ಸುಲಭವಾಗಿ ಹರಿಯುತ್ತದೆಂದು ನೋಡಿ ಮೀಟರ್ ಒಂದು ಅಂದಾಜಿನ ಸಂಖ್ಯೆ ಕೊಡುತ್ತದೆ. ಕರಗಿರುವುದು ಮೈಗೆ ಬೇಕಾದ ಕ್ಯಾಲ್ಸಿಯಮ್ಮೋ, ಹಾನಿಕರವಾದ ಫ್ಲೋರೈಡೋ ಎಂದು ಅದಕ್ಕೆ ತಿಳಿಯದು. ರೋಗಾಣುಗಳಂತೂ ಅದರ ಲೆಕ್ಕಕ್ಕೇ ಬರುವುದಿಲ್ಲ.

ನಮ್ಮ ದೇಶದ ಕುಡಿಯುವ ನೀರಿನ ಮಾನದಂಡವಾದ ಐಎಸ್ 10500 ಪ್ರಕಾರ ಒಂದು ಲೀಟರಿನಲ್ಲಿ 500 ಮಿಲಿಗ್ರಾಂವರೆಗೆ ಟಿಡಿಎಸ್ ಇದ್ದರೆ ಅಡ್ಡಿಯಿಲ್ಲ. ಬೇರೆ ನೀರಿನ ಮೂಲವೇ ಇಲ್ಲದ ಕಡೆ 2000ದವರೆಗೂ ಒಪ್ಪಬಹುದು. ತಂಗಿಯ ಬಾವಿಯ 84 ಎಂಬುದು ಹೆದರುವ ಸಂಖ್ಯೆಯೇ ಅಲ್ಲ. ಅದೇ ಮಾನದಂಡದಲ್ಲಿ ಇನ್ನೊಂದು ನಿಯಮವೂ ಇದೆ: 100 ಮಿಲಿಲೀಟರ್ ನೀರಿನಲ್ಲಿ ಇ. ಕೋಲಿ ಎಂಬ, ಮಲದಿಂದ ಬರುವ ಬ್ಯಾಕ್ಟೀರಿಯಾ ಒಂದೂ ಕಾಣಬಾರದು. ಅದನ್ನು ಆ ದಿನ ಯಾರೂ ಪರೀಕ್ಷಿಸಲಿಲ್ಲ.

ಕಪ್ಪಾದ ಬಾಟಲಿ

ಮಗುವಿಗೆ ಕಾಮಾಲೆ ಬಂದ ಮೇಲೆ ಊರಿನ ಆಶಾ ಕಾರ್ಯಕರ್ತೆ ಒಂದು ಪುಟ್ಟ ಬಾಟಲಿ ತಂದರು. ಬಾವಿ ನೀರನ್ನು ಗುರುತಿನವರೆಗೆ ತುಂಬಿಸಿ ಮುಚ್ಚಳ ಬಿಗಿದು ಇಟ್ಟರು. ಮರುದಿನ ನೋಡುವಾಗ ನೀರು ಕಪ್ಪಾಗಿತ್ತು. ಇದನ್ನು ಎಚ್‌ಟುಎಸ್ ಪರೀಕ್ಷೆ ಎನ್ನುತ್ತಾರೆ. ಇದು ಕಾಮಾಲೆಯ ವೈರಸ್ಸನ್ನು ಹುಡುಕುವುದಿಲ್ಲ. ಮಲದ ಅಂಶ ನೀರಿಗೆ ಸೇರಿರುವ ಸಾಧ್ಯತೆ ಇದೆಯೆಂದು ಎಚ್ಚರಿಸುತ್ತದೆ. ಮಲ ಸೇರಿದ್ದರೆ ಕಾಮಾಲೆ, ಟೈಫಾಯ್ಡ್, ವಾಂತಿಭೇದಿ ಎಲ್ಲಕ್ಕೂ ದಾರಿ ತೆರೆದಂತೆ.

ಕಾಂಪೌಂಡಿನ ಆಚೆ ಹೊಸ ಮನೆಯ ಶೌಚದ ಗುಂಡಿ ಬಾವಿಯಿಂದ ಇಪ್ಪತ್ತು ಅಡಿಯಷ್ಟೂ ದೂರವಿರಲಿಲ್ಲ. ಕನಿಷ್ಠ 15 ಮೀಟರ್, ಅಂದರೆ ಸುಮಾರು 50 ಅಡಿ ಅಂತರ ಇರಬೇಕು. ಕರಾವಳಿಯ ಮುರಕಲ್ಲಿನ ನೆಲದಲ್ಲಿ ತೂತುಗಳು ಹೆಚ್ಚು, ಮಳೆಗಾಲದಲ್ಲಿ ಗುಂಡಿಯ ನೀರು ಬಾವಿಯ ಕಡೆ ಇಳಿಯುವುದು ಸುಲಭ. ಹಾಗಾಗಿ ಅಂತರ ಹೆಚ್ಚಿದ್ದಷ್ಟೂ ಒಳ್ಳೆಯದು.

ಹೆಪಟೈಟಿಸ್ 'ಎ' ಸೋಂಕು ತಗುಲಿ ಎರಡರಿಂದ ಏಳು ವಾರಗಳ ನಂತರ ಲಕ್ಷಣಗಳು ಕಾಣಿಸುತ್ತವೆ. ಆದ್ದರಿಂದ ಯಂತ್ರ ಬರುವ ಮೊದಲೇ ಮಗುವಿಗೆ ಸೋಂಕು ತಗುಲಿರಬಹುದು. ಯಂತ್ರ ಬಂದ ಮೇಲೂ ಮಕ್ಕಳು ಹಲ್ಲುಜ್ಜಿದ್ದು, ವುಝೂ ಮಾಡುವಾಗ ಬಾಯಿ ಮುಕ್ಕಳಿಸಿದ್ದು, ಆಟವಾಡಿ ಬಂದು ಅಂಗಳದ ನಲ್ಲಿಗೆ ಬಾಯಿಟ್ಟು ಕುಡಿದದ್ದು ಅದೇ ಬಾವಿಯ ನೀರನ್ನು. ಸೊಪ್ಪು, ಹಣ್ಣು ತೊಳೆದದ್ದೂ ಅದರಲ್ಲೇ.

ಆ ಯುವಕನ ಪರೀಕ್ಷೆ ಇಲ್ಲದ ಕೊಳೆಯನ್ನು ತೋರಿಸಿ ಹೆದರಿಸಿತು. ಇದ್ದ ಕೊಳೆಯನ್ನು ತೋರಿಸಲಿಲ್ಲ. ಯಂತ್ರ ಬಂತೆಂಬ ಧೈರ್ಯದಲ್ಲಿ ಬಾವಿಯ ಕಡೆ ಯಾರೂ ನೋಡಲಿಲ್ಲ. ದುಡ್ಡಿನ ನಷ್ಟಕ್ಕಿಂತ ದೊಡ್ಡ ನಷ್ಟ ಇದು.

ನಾವು ಆಡುವ ಮಾತುಗಳು

ನೀರಿನ ಬಗ್ಗೆ ಪ್ರತಿ ಮನೆಯಲ್ಲೂ ಒಂದೊಂದು ಅಭಿಪ್ರಾಯವಿದೆ. ಮದುವೆ ಮನೆಯಲ್ಲಿ, ಶಾಲೆಯ ಗೇಟಿನ ಬಳಿ, ವಾಟ್ಸ್ಆ್ಯಪ್ ಗುಂಪುಗಳಲ್ಲಿ ಇವನ್ನು ಕೇಳುತ್ತಲೇ ಇರುತ್ತೇವೆ.

"ಅಜ್ಜನ ಕಾಲದಿಂದ ಕುಡಿದ ಬಾವಿ, ಏನೂ ಆಗಿಲ್ಲ." ಅಜ್ಜನ ಕಾಲದಲ್ಲಿ ಸುತ್ತ ಹತ್ತು ಮನೆ, ಹತ್ತು ಗುಂಡಿ ಇರಲಿಲ್ಲ. ಬಾವಿ ಹಳೆಯದಾದರೂ ಅದರ ನೆರೆಹೊರೆ ಹೊಸದು.

"ನೀರು ತಿಳಿಯಾಗಿದೆ, ರುಚಿಯೂ ಚೆನ್ನಾಗಿದೆ." ರೋಗಾಣುಗಳಿಗೆ ಬಣ್ಣವೂ ಇಲ್ಲ, ರುಚಿಯೂ ಇಲ್ಲ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟಿನಲ್ಲಿ ಕಾಲರಾ ಹಬ್ಬಿದಾಗ ಅದಕ್ಕೆ ಅಲ್ಲಿನ ಕೈಪಂಪಿನ ನೀರೇ ಕಾರಣವೆಂದು ವೈದ್ಯ ಜಾನ್ ಸ್ನೋ ತೋರಿಸಿಕೊಟ್ಟರು. ಆ ನೀರಿನ ರುಚಿ ಇಷ್ಟವೆಂದು ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿದ್ದ ವೃದ್ಧೆಯೊಬ್ಬರು ಅದನ್ನೇ ತರಿಸಿಕೊಂಡು ಕುಡಿಯುತ್ತಿದ್ದರು. ಅವರ ಸುತ್ತಮುತ್ತ ಎಲ್ಲೂ ಕಾಲರಾ ಇರಲಿಲ್ಲ. ಆದರೂ ಅವರು ಕಾಲರಾದಿಂದಲೇ ತೀರಿಕೊಂಡರು.

"ಕುದಿಸಿದರೆ ನೀರಿನ ಸತ್ವ ಹೋಗುತ್ತದೆ." ಕುದಿಸಿದರೆ ಹೋಗುವುದು ರೋಗಾಣುಗಳ ಪ್ರಾಣ. ನಮಗೆ ಬೇಕಾದ ಲವಣಗಳು ಹೆಚ್ಚಿನಂಶ ಹಾಲು, ಮೀನು, ರಾಗಿ, ಬೇಳೆ, ಸೊಪ್ಪುಗಳಿಂದ ಸಿಗುತ್ತವೆ.

"ಬ್ಲೀಚಿಂಗ್ ಪೌಡರ್ ಹಾಕಿದ ನೀರು ವಿಷ." ಸರಿಯಾದ ಪ್ರಮಾಣದಲ್ಲಿ ಹಾಕಿದ ಕ್ಲೋರಿನ್ ಶತಮಾನಕ್ಕೂ ಹೆಚ್ಚು ಕಾಲದಿಂದ ಜಗತ್ತಿನಾದ್ಯಂತ ಜನರನ್ನು ಕಾಪಾಡಿದೆ. ವಾಸನೆ ಹಿಡಿಸದಿದ್ದರೆ ನೀರನ್ನು ಕೆಲವು ಗಂಟೆ ಪಾತ್ರೆಯಲ್ಲಿಟ್ಟು ಕುಡಿಯಿರಿ, ವಾಸನೆ ಕಡಿಮೆಯಾಗುತ್ತದೆ.

"ಆರ್‌ಒ ನೀರು ಕುಡಿದರೆ ಮೂಳೆ ಕರಗುತ್ತದೆ." ಇದು ಇನ್ನೊಂದು ತುದಿಯ ಭಯ. ಹೊಟ್ಟೆ ತುಂಬ ಒಳ್ಳೆಯ ಊಟ ಮಾಡುವವರು ಇದಕ್ಕೆ ಗಾಬರಿಪಡಬೇಕಾಗಿಲ್ಲ. ಆದರೆ ಅಗತ್ಯವಿಲ್ಲದ ಕಡೆ ಅದನ್ನು ಹಾಕಿಸುವುದೂ ಜಾಣತನವಲ್ಲ.

ಯಾವ ತೊಂದರೆಗೆ ಯಾವ ಪರಿಹಾರ?

ಆರ್‌ಒ ಕೆಟ್ಟ ಯಂತ್ರವಲ್ಲ. ಅದು ಲವಣ, ಫ್ಲೋರೈಡ್, ಆರ್ಸೆನಿಕ್‌ಗಳನ್ನು ತೆಗೆಯುತ್ತದೆ, ರೋಗಾಣುಗಳನ್ನೂ ತಡೆಯುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದಂಥ ಕಡೆ ಆಳದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ. ಒಂದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ದಾರಿಯಿಲ್ಲದಿದ್ದರೆ 1.5. ಹೆಚ್ಚಾದರೆ ಮಕ್ಕಳ ಹಲ್ಲಿನಲ್ಲಿ ಕಲೆ ಬೀಳುತ್ತದೆ, ವರ್ಷಗಟ್ಟಲೆ ಕುಡಿದರೆ ಕೀಲು, ಮೂಳೆಗಳು ಬಿಗಿಯುತ್ತವೆ. ಅಂಥ ಊರುಗಳಲ್ಲಿ ಕುದಿಸಿದರೆ ಪ್ರಯೋಜನವಿಲ್ಲ, ಫ್ಲೋರೈಡ್ ಆವಿಯಾಗಿ ಹೋಗುವುದಿಲ್ಲ. ಅಲ್ಲಿ ಆರ್‌ಒ ಬೇಕು. ಸಮುದ್ರ, ಅಳಿವೆಗಳ ಹತ್ತಿರ ಬೇಸಿಗೆಯಲ್ಲಿ ಉಪ್ಪಾಗುವ ಬಾವಿಗಳಿಗೂ ಬೇಕಾಗಬಹುದು.

ಆದರೆ ಮನೆಬಳಕೆಯ ಆರ್‌ಒ ಒಂದು ಲೀಟರ್ ನೀರು ಕೊಡಲು ಸಾಮಾನ್ಯವಾಗಿ ಎರಡು ಮೂರು ಲೀಟರ್ ಹೊರಚೆಲ್ಲುತ್ತದೆ. ದಿನಕ್ಕೆ ಹತ್ತು ಲೀಟರ್ ಕುಡಿಯುವ ಮನೆಯಲ್ಲಿ ಇಪ್ಪತ್ತರಿಂದ ಮೂವತ್ತು ಲೀಟರ್ ಪೋಲು. ಈ ಕಾರಣಕ್ಕೇ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ, ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ ಬಳಕೆಯನ್ನು ನಿಷೇಧಿಸಬೇಕೆಂದು ಸರ್ಕಾರಕ್ಕೆ ಹೇಳಿತು. ಮನೆಯಲ್ಲಿ ಈಗಾಗಲೇ ಆರ್‌ಒ ಇದ್ದರೆ ಹೊರಬರುವ ನೀರನ್ನು ಬಕೆಟಿನಲ್ಲಿ ಹಿಡಿದು ನೆಲ ಒರೆಸಲು, ಶೌಚಾಲಯಕ್ಕೆ ಬಳಸಿ. ಫಿಲ್ಟರನ್ನು ಸಮಯಕ್ಕೆ ಸರಿಯಾಗಿ ಬದಲಿಸಿ.

ತಂಗಿಯ ಮನೆಯಂತೆ ಟಿಡಿಎಸ್ ಕಡಿಮೆ ಇದ್ದು ರೋಗಾಣುಗಳ ಭಯವಿರುವ ಕಡೆ ಕುದಿಸುವುದು ಅತ್ಯಂತ ಭರವಸೆಯ ದಾರಿ. ನೀರು ಚೆನ್ನಾಗಿ ಕೊತಕೊತ ಕುದಿಯಬೇಕು, ಬಿಸಿಯಾದರೆ ಸಾಲದು. ಅದೇ ಪಾತ್ರೆಯಲ್ಲಿ ಮುಚ್ಚಿಟ್ಟು ತಣಿಸಿ. ಯುವಿ ಯಂತ್ರವೂ ರೋಗಾಣುಗಳನ್ನು ಕೊಲ್ಲುತ್ತದೆ. ಆದರೆ ನೀರು ತಿಳಿಯಾಗಿರಬೇಕು, ಕರೆಂಟ್ ಇರಬೇಕು.

ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವಾಗ 1000 ಲೀಟರ್ ನೀರಿಗೆ ಸುಮಾರು ಎರಡೂವರೆ ಗ್ರಾಂ ಎಂಬುದು ರೂಢಿಯ ಲೆಕ್ಕ. ಹಾಕಿ ಕನಿಷ್ಠ ಒಂದು ಗಂಟೆ ಬಿಟ್ಟು ನೀರು ಸೇದಬೇಕು. ನೀರು ಕಲಕಿದ್ದರೆ, ಪುಡಿ ಹಳೆಯದಾಗಿದ್ದರೆ ಪ್ರಮಾಣ ಬದಲಾಗುತ್ತದೆ. ಆದ್ದರಿಂದ ಅಂದಾಜಿನಲ್ಲಿ ಸುರಿಯದೆ ಆರೋಗ್ಯ ಕಾರ್ಯಕರ್ತರಿಂದಲೇ ಹಾಕಿಸಿ. ಗುಂಡಿ ಹತ್ತಿರವಿದ್ದರೆ ಒಮ್ಮೆ ಹಾಕಿ ಮರೆಯುವಂತಿಲ್ಲ. ಗುಂಡಿಯ ಕೊಳೆ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ.

ಕೊಳ್ಳುವ ಮೊದಲು ಕೇಳಿ

ಇನ್ನು ಮುಂದೆ ಯಾರಾದರೂ ಮನೆಗೆ ಬಂದು ಪರೀಕ್ಷೆ ಮಾಡಿ ತೋರಿಸಿದರೆ ಒಂದೇ ಪ್ರಶ್ನೆ ಕೇಳಿ: "ಇದು ಅಳೆಯುವುದು ಏನನ್ನು?" ಉತ್ತರ ಟಿಡಿಎಸ್ ಎಂದಾದರೆ, "ರೋಗಾಣು ಇದೆಯೋ ಇಲ್ಲವೋ ಹೇಗೆ ತಿಳಿಯುವುದು?" ಎಂದು ಕೇಳಿ. ಅಂದೇ ಹಣ ಕೊಡಬೇಡಿ. ಮೊದಲು ನೀರಿನ ಮಾದರಿಯನ್ನು ಸರ್ಕಾರಿ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕೊಡಿ. ಜಲ ಜೀವನ್ ಮಿಷನ್‌ನಡಿ ಪ್ರತಿ ಹಳ್ಳಿಯಲ್ಲೂ ಐವರು ಮಹಿಳೆಯರಿಗೆ ನೀರು ಪರೀಕ್ಷಿಸುವ ತರಬೇತಿ ಕೊಡಬೇಕೆಂಬ ನಿಯಮವಿದೆ. ನಿಮ್ಮ ಊರಿನಲ್ಲಿ ಅವರು ಯಾರೆಂದು ಪಂಚಾಯತಿಯಲ್ಲಿ ವಿಚಾರಿಸಿ. ಮಳೆಗಾಲ ಶುರುವಾದ ಮೇಲೆ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ನೀರು ಶುದ್ಧವಿದ್ದರೂ ಕೈ ಶುದ್ಧವಿಲ್ಲದಿದ್ದರೆ ಫಲವಿಲ್ಲ. ಶೌಚದ ನಂತರ, ಅಡುಗೆಗೆ ಮೊದಲು, ಮಗುವನ್ನು ತೊಳೆದ ಮೇಲೆ ಸಾಬೂನು ಹಾಕಿಯೇ ಕೈ ತೊಳೆಯಿರಿ. ಕುಡಿಯುವ ನೀರಿಗೆ ಕೈ ಅದ್ದದೆ, ಹಿಡಿ ಇರುವ ಸೌಟಿನಿಂದ ತೆಗೆಯಿರಿ. ಮಗುವಿಗೆ ಭೇದಿಯಾದರೆ ಒಆರ್‌ಎಸ್ ಕೊಡಲು ತಡಮಾಡಬೇಡಿ. ಪೊಟ್ಟಣ ಸಿಗದಿದ್ದರೆ ಕುದಿಸಿ ತಣಿಸಿದ ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಮಟ್ಟವಾಗಿ ಅಳೆದು ಹಾಕಿ ಸ್ವಲ್ಪ ಸ್ವಲ್ಪವಾಗಿ ಕುಡಿಸಿ. ಮಗು ಮಂಕಾದರೆ, ಮೂತ್ರ ಕಡಿಮೆಯಾದರೆ, ಮಲದಲ್ಲಿ ರಕ್ತ ಕಂಡರೆ, ಕಣ್ಣು ಹಳದಿಯಾದರೆ ಕೂಡಲೇ ವೈದ್ಯರ ಬಳಿ ಕರೆದೊಯ್ಯಿರಿ.

ತಂಗಿಯ ಮಗ ಒಂದೂವರೆ ತಿಂಗಳಲ್ಲಿ ಚೇತರಿಸಿಕೊಂಡ, ಅಲ್‌ಹಮ್ದುಲಿಲ್ಲಾಹ್. ನೆರೆಮನೆಯವರೊಂದಿಗೆ ಜಗಳವಾಡದೆ ಕುಳಿತು ಮಾತಾಡಿದ್ದರಿಂದ ಗುಂಡಿಯನ್ನು ಬೇರೆ ಕಡೆಗೆ ಬದಲಾಯಿಸಲು ಅವರು ಒಪ್ಪಿದರು. ಅವರ ಮಕ್ಕಳು ಕುಡಿಯುವುದೂ ಅಂಥದ್ದೇ ಬಾವಿಯ ನೀರನ್ನು. ಯಂತ್ರ ಈಗಲೂ ಗೋಡೆಯಲ್ಲಿದೆ, ಕಂತು ಇನ್ನೂ ತೀರಿಲ್ಲ. ಆದರೆ ಮಕ್ಕಳು ವುಝೂವಿಗೆ ಹೋಗುವ ನಲ್ಲಿಯ ಪಕ್ಕದಲ್ಲಿ ತಂಗಿ ಈಗ ಕುದಿಸಿ ತಣಿಸಿದ ನೀರಿನ ಒಂದು ಹೂಜಿಯನ್ನೂ ಇಡುತ್ತಾಳೆ. ಬಾಯಿ ಮುಕ್ಕಳಿಸಲು ಮಕ್ಕಳು ಬಳಸುವುದು ಅದನ್ನೇ.