ದೂರಸಂಪರ್ಕ ಜಾಲದ ಕಾವಲು

ದೇಹವು ಆರೋಗ್ಯದಿಂದಿರುವಾಗ ಮನುಷ್ಯನಿಗೆ ತನ್ನ ಹೃದಯದ ನೆನಪೇ ಬರುವುದಿಲ್ಲ. ಅದು ಹಗಲಿರುಳೂ ಮಿಡಿಯುತ್ತಲೇ ಇರುತ್ತದೆ. ಮಿಡಿತ ತಪ್ಪಿದಾಗ ಮಾತ್ರ ಅದರ ಇರವು ಅರಿವಿಗೆ ಬರುತ್ತದೆ. ನಾಡುನಾಡುಗಳನ್ನು ಬೆಸೆದಿರುವ ದೂರಸಂಪರ್ಕ ಜಾಲದ ಸ್ಥಿತಿಯೂ ಹೀಗೆಯೇ ಇದೆ. ಹಳ್ಳಿಯ ತಾಯಿ ಪರದೇಶದ ಮಗನೊಡನೆ ಮಾತನಾಡುವಾಗ, ಆ ಮಾತು ಯಾವ ದಾರಿಯಲ್ಲಿ ಸಾಗಿ ಬರುತ್ತಿದೆಯೆಂದು ಯಾರೂ ಯೋಚಿಸುವುದಿಲ್ಲ. ಆದರೆ ನಡುರಾತ್ರಿಯಲ್ಲಿ ರೋಗಿಯೊಬ್ಬನಿಗಾಗಿ ವೈದ್ಯರನ್ನು ಕರೆಯಬೇಕಾದ ಮನೆಯವರಿಗೆ, ನೆರೆ ಏರುತ್ತಿರುವ ಸುದ್ದಿಯನ್ನು ಕೆಳದಂಡೆಯ ಊರಿಗೆ ಮುಟ್ಟಿಸಬೇಕಾದ ಅಧಿಕಾರಿಗೆ, ದೂರವಾಣಿಯ ಮೌನವು ಪ್ರಾಣಸಂಕಟವನ್ನೇ ತರಬಲ್ಲದು. ಆದುದರಿಂದ ಜಾಲವನ್ನು ಕಟ್ಟುವುದು ಎಷ್ಟು ಮುಖ್ಯವೋ ಅದನ್ನು ಕಾಯುವುದೂ ಅಷ್ಟೇ ಮುಖ್ಯ.

ಈ ಜಾಲಕ್ಕೂ ಅಂಗಾಂಗಗಳಿವೆ. ಮಾತನ್ನೂ ಸಂದೇಶವನ್ನೂ ಹೊತ್ತು ಸಾಗುವ ತಂತಿ, ಗಾಜಿನ ಎಳೆ ಹಾಗೂ ರೇಡಿಯೋ ಅಲೆಗಳು ಅದರ ನರನಾಡಿಗಳು. ಪ್ರತಿಯೊಂದು ಕರೆಯನ್ನೂ ಸರಿಯಾದ ದಾರಿಗೆ ತಿರುಗಿಸುವ ವಿನಿಮಯ ಕೇಂದ್ರಗಳು ಅದರ ಮೆದುಳು. ಅಂಗಗಳಿದ್ದ ಮೇಲೆ ರೋಗಗಳೂ ಇರಲೇಬೇಕಷ್ಟೆ. ಕೇಬಲ್ಲಿನೊಳಗೆ ತೇವ ಸೇರುವುದು, ರಸ್ತೆ ಅಗೆಯುವವರ ಗುದ್ದಲಿ ತಗಲುವುದು, ವಿದ್ಯುತ್ತು ನಿಲ್ಲುವುದು, ಯಂತ್ರ ಕಾಯುವುದು, ಹಬ್ಬದ ದಿನ ಕರೆಗಳ ಹೊರೆ ಮಿತಿಮೀರುವುದು, ಇವೆಲ್ಲವೂ ಜಾಲವನ್ನು ಕಾಡುವ ವ್ಯಾಧಿಗಳು.

ರೋಗವನ್ನು ಅರಿಯದೆ ಕೊಟ್ಟ ಮದ್ದು ರೋಗಕ್ಕಿಂತಲೂ ಕೇಡು ಎಂಬುದನ್ನು ಮಾನವನು 1858ರಲ್ಲಿಯೇ ಕಲಿತನು. ಆ ವರ್ಷದ ಆಗಸ್ಟಿನಲ್ಲಿ ಐರ್ಲೆಂಡಿನಿಂದ ಅಮೆರಿಕ ಖಂಡದ ನ್ಯೂಫೌಂಡ್‌ಲ್ಯಾಂಡಿನವರೆಗೆ ಅಟ್ಲಾಂಟಿಕ್ ಸಾಗರದ ತಳದಲ್ಲಿ ಮೊದಲ ತಂತಿ ಕೇಬಲ್ಲನ್ನು ಹಾಸಲಾಯಿತು. ವಿಕ್ಟೋರಿಯಾ ರಾಣಿಯ 98 ಪದಗಳ ಸಂದೇಶವು ಆಚೆ ದಡ ಸೇರಲು ಸುಮಾರು 16 ಗಂಟೆಗಳು ಹಿಡಿದರೂ ಜನ ಹರ್ಷದಿಂದ ಕುಣಿದರು. ಆದರೆ ಸಂಕೇತಗಳು ಬಹಳ ಕ್ಷೀಣವಾಗಿದ್ದವು. ಕೇಬಲ್ಲಿನ ಹೊಣೆ ಹೊತ್ತಿದ್ದ ವೈಟ್‌ಹೌಸ್ ಎಂಬಾತನು ಅವುಗಳನ್ನು ಬಲಪಡಿಸಲು ಅತ್ಯಧಿಕ ಒತ್ತಡದ ವಿದ್ಯುತ್ತನ್ನು ಹರಿಸಿದನು. ಮೊದಲೇ ದುರ್ಬಲವಾಗಿದ್ದ ಹೊದಿಕೆ ಇದರಿಂದ ಇನ್ನಷ್ಟು ಕೆಟ್ಟಿತು. ಕೆಲವೇ ವಾರಗಳಲ್ಲಿ ಕೇಬಲ್ಲು ಮೂಕವಾಯಿತು. ವಿಜ್ಞಾನಿ ವಿಲಿಯಂ ಥಾಮ್ಸನ್ನನ ಮಾರ್ಗ ಬೇರೆಯಾಗಿತ್ತು. ಅತಿ ಸೂಕ್ಷ್ಮವಾದ ವಿದ್ಯುತ್ತನ್ನೂ ಗುರುತಿಸಬಲ್ಲ ಕನ್ನಡಿಯ ಮಾಪಕವೊಂದನ್ನು ಆತ ರೂಪಿಸಿದ್ದನು. ಬಲಪ್ರಯೋಗಕ್ಕೆ ಮುನ್ನ ಅಳತೆ ಎಂಬ ಆತನ ನೀತಿಯೇ ಮುಂದೆ ಗೆದ್ದಿತು. 1866ರಲ್ಲಿ ಹಾಸಿದ ಕೇಬಲ್ಲು ಎರಡು ಖಂಡಗಳನ್ನು ಸ್ಥಿರವಾಗಿ ಬೆಸೆಯಿತು.

ಈ ನೀತಿ ಎಷ್ಟು ದೂರ ಬೆಳೆಯಿತೆಂಬುದಕ್ಕೆ, 1956ರಲ್ಲಿ ಅದೇ ಸಾಗರದ ತಳದಲ್ಲಿ ಕೆಲಸವಾರಂಭಿಸಿದ ಮೊದಲ ದೂರವಾಣಿ ಕೇಬಲ್ಲು ಒಳ್ಳೆಯ ನಿದರ್ಶನ. ಹೋಗುವ ಮಾತಿಗೊಂದು, ಬರುವ ಮಾತಿಗೊಂದು ಎಂದು ಎರಡು ಕೇಬಲ್ಲುಗಳಿದ್ದವು. ದಾರಿಯಲ್ಲಿ ಬಳಲಿದ ಧ್ವನಿಗೆ ಮತ್ತೆ ಬಲ ತುಂಬಲು ಒಂದೊಂದರಲ್ಲಿಯೂ 51 ವರ್ಧಕ ಯಂತ್ರಗಳನ್ನು ಅಳವಡಿಸಿದ್ದರು. ಕಡಲಾಳದಲ್ಲಿ ಮುಳುಗಿದ ಯಂತ್ರವನ್ನು ಹೋಗಿ ನೋಡುವವರಾರು? ಅದಕ್ಕಾಗಿ ಪ್ರತಿಯೊಂದು ವರ್ಧಕಕ್ಕೂ ಅದರದೇ ಆದ ಒಂದು ಕಂಪನಸಂಖ್ಯೆಯನ್ನು ಗೊತ್ತುಮಾಡಿದ್ದರು. ದಡದಲ್ಲಿ ಕುಳಿತ ತಂತ್ರಜ್ಞರು ಆ ಸಂಖ್ಯೆಯ ಮೂಲಕ ಒಂದೊಂದನ್ನೂ ಹೆಸರಿಡಿದು ಕರೆದಂತೆ ಗುರುತಿಸಿ, ಅದರ ಸ್ಥಿತಿಯನ್ನು ಅಳೆಯಬಹುದಾಗಿತ್ತು. ಈ ಕೇಬಲ್ಲು 1978ರವರೆಗೆ ಸೇವೆ ಸಲ್ಲಿಸಿತು.

ಈಗ ತಾಮ್ರದ ತಂತಿಯ ಸ್ಥಾನವನ್ನು ಬಹುಮಟ್ಟಿಗೆ ಕೂದಲೆಳೆಯಂತಹ ಗಾಜಿನ ಎಳೆ ಆಕ್ರಮಿಸಿದೆ. ಅದರಲ್ಲಿ ಸಂದೇಶವು ಬೆಳಕಿನ ರೂಪದಲ್ಲಿ ಸಾಗುತ್ತದೆ. ಎಳೆ ಎಲ್ಲಿ ತುಂಡಾಗಿದೆಯೆಂದು ತಿಳಿಯಲು ನೆಲವನ್ನೆಲ್ಲ ಅಗೆಯಬೇಕಾಗಿಲ್ಲ. ಒಂದು ತುದಿಯಿಂದ ಬೆಳಕಿನ ಮಿಣುಕೊಂದನ್ನು ಕಳುಹಿಸಿದರೆ ಸಾಕು. ಬೆಟ್ಟಕ್ಕೆ ಬಡಿದ ಕೂಗು ಮಾರ್ದನಿಯಾಗಿ ಮರಳುವಂತೆ, ತುಂಡಾದ ಸ್ಥಳದಿಂದ ಬೆಳಕಿನ ಒಂದಂಶ ಹಿಂದಿರುಗುತ್ತದೆ. ಗಾಜಿನೊಳಗೆ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು. ಅದು ಸೆಕೆಂಡಿನ ಸಾವಿರದಲ್ಲೊಂದು ಪಾಲಿನಲ್ಲಿ ಮರಳಿತೆಂದರೆ, ಹೋಗಿ ಬರುವ ದಾರಿ 200 ಕಿಲೋಮೀಟರು. ಅಂದರೆ ದೋಷವಿರುವುದು 100 ಕಿಲೋಮೀಟರು ದೂರದಲ್ಲಿ.

ಇಂತಹ ಅಳತೆಗಳೆಲ್ಲವೂ ಬಂದು ಸೇರುವ ಸ್ಥಳವೇ ಜಾಲದ ಮೇಲ್ವಿಚಾರಣಾ ಕೇಂದ್ರ. ಅಲ್ಲಿ ಸರದಿಯ ಮೇಲೆ ಹಗಲೂ ರಾತ್ರಿಯೂ ಕಾವಲು ನಡೆಯುತ್ತದೆ. ಒಂದು ಕೇಬಲ್ಲು ತುಂಡಾದರೆ ಅದನ್ನು ನಂಬಿದ ನೂರಾರು ಯಂತ್ರಗಳು ಒಮ್ಮೆಗೇ ಅಪಾಯದ ಗಂಟೆ ಬಾರಿಸುತ್ತವೆ. ಆ ಗದ್ದಲದ ನಡುವೆ ಮೂಲ ದೋಷವನ್ನು ಬೇರ್ಪಡಿಸುವುದೇ ಅಲ್ಲಿಯವರ ಜಾಣ್ಮೆ. ಒಂದು ದಾರಿ ಕಡಿದಾಗ ಸಂದೇಶಗಳನ್ನು ಮತ್ತೊಂದು ದಾರಿಗೆ ತಿರುಗಿಸಬೇಕು. ಮತ್ತೊಂದು ದಾರಿ ಸಾಕಷ್ಟಿಲ್ಲದಿದ್ದರೆ ಏನಾಗುವುದೆಂಬುದನ್ನು 2008ರ ಜನವರಿ ತಿಂಗಳ ಕೊನೆಯಲ್ಲಿ ಭಾರತವೂ ಕಂಡಿತು. ಈಜಿಪ್ಟಿನ ಅಲೆಕ್ಸಾಂಡ್ರಿಯದ ಬಳಿ ಎರಡು ಕಡಲ ಕೇಬಲ್ಲುಗಳು ತುಂಡಾದುದರಿಂದ ಇಲ್ಲಿನ ಅಂತರಜಾಲ ಕುಂಟತೊಡಗಿತು.

ಆರೋಗ್ಯರಕ್ಷಣೆಯ ಮೊದಲ ಹೆಜ್ಜೆ ಯಂತ್ರವನ್ನು ರೂಪಿಸುವಾಗಲೇ ಬೀಳಬೇಕು. 1965ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ ಮೊದಲ ದೊಡ್ಡ ಇಲೆಕ್ಟ್ರಾನಿಕ್ ವಿನಿಮಯ ಕೇಂದ್ರವು 40 ವರ್ಷಗಳಲ್ಲಿ 2 ಗಂಟೆಗಿಂತ ಹೆಚ್ಚು ಕಾಲ ನಿಲ್ಲಬಾರದೆಂಬುದು ಅದರ ಶಿಲ್ಪಿಗಳ ಗುರಿಯಾಗಿತ್ತು. ಭಾರತದ ಸಿ-ಡಾಟ್ ಸಂಸ್ಥೆಯ ತಂತ್ರಜ್ಞರು ನಮ್ಮ ಬಿಸಿಲು, ಧೂಳುಗಳನ್ನು ಗಮನದಲ್ಲಿರಿಸಿಕೊಂಡು, ಹವಾನಿಯಂತ್ರಣವಿಲ್ಲದೆಯೂ ನಡೆಯಬಲ್ಲ ಗ್ರಾಮೀಣ ವಿನಿಮಯ ಕೇಂದ್ರವನ್ನು ನಿರ್ಮಿಸಿದರು. ಅಂತಹ ಮೊದಲ ಕೇಂದ್ರವು 1986ರಲ್ಲಿ ಕರ್ನಾಟಕದ ಕಿತ್ತೂರಿನಲ್ಲಿ ಕಾರ್ಯಾರಂಭ ಮಾಡಿತು.

ಆದರೆ ಕಾಯುವ ವ್ಯವಸ್ಥೆಯಲ್ಲಿಯೇ ದೋಷ ಹೊಕ್ಕರೆ? 1990ರ ಜನವರಿ 15ರಂದು ಅಮೆರಿಕದ ಎಟಿ ಅಂಡ್ ಟಿ ಸಂಸ್ಥೆಯ ದೂರಕರೆಗಳ ಜಾಲದಲ್ಲಿ ಇದೇ ಸಂಭವಿಸಿತು. ನ್ಯೂಯಾರ್ಕಿನ ಒಂದು ವಿನಿಮಯ ಯಂತ್ರವು ತನ್ನಲ್ಲಿ ಸಣ್ಣ ದೋಷವನ್ನು ಕಂಡು, ಕೆಲವು ಸೆಕೆಂಡುಗಳ ಕಾಲ ಕೆಲಸ ನಿಲ್ಲಿಸಿ ತನ್ನನ್ನು ತಾನೇ ಸರಿಪಡಿಸಿಕೊಂಡಿತು. ಅದು ಮತ್ತೆ ಕರೆಗಳನ್ನು ಕಳುಹಿಸತೊಡಗಿದಾಗ, ನೆರೆಯ ಯಂತ್ರಗಳು ಅದು ಚೇತರಿಸಿಕೊಂಡುದನ್ನು ದಾಖಲಿಸಿಕೊಳ್ಳಬೇಕಾಗಿತ್ತು. ಹಿಂದಿನ ತಿಂಗಳಷ್ಟೇ ಆ ಯಂತ್ರಗಳಲ್ಲಿ ಅಳವಡಿಸಿದ್ದ ಹೊಸ ಆದೇಶಸರಣಿಯಲ್ಲಿ ಒಂದು ತಪ್ಪು ಅಡಗಿತ್ತು. ದಾಖಲಿಸುತ್ತಿರುವ ಕ್ಷಣದಲ್ಲಿಯೇ ಎರಡನೆಯ ಸಂದೇಶ ಬಂದರೆ ನೆರೆಯ ಯಂತ್ರವೂ ಗೊಂದಲಗೊಂಡು ನಿಲ್ಲುತ್ತಿತ್ತು. ಅದು ಎದ್ದಾಗ ಮತ್ತೊಂದನ್ನು ಬೀಳಿಸುತ್ತಿತ್ತು. ಹೀಗೆ 114 ಯಂತ್ರಗಳ ಆ ಜಾಲದಲ್ಲಿ ವ್ಯಾಧಿಯು ಸಾಂಕ್ರಾಮಿಕವಾಗಿ ಹರಡಿತು. ಸುಮಾರು 9 ಗಂಟೆಗಳ ಕಾಲ, ಆ ಜಾಲಕ್ಕೆ ಬಂದ ಕರೆಗಳಲ್ಲಿ ಅರ್ಧದಷ್ಟು ಗುರಿ ಮುಟ್ಟಲಿಲ್ಲ. ಚೇತರಿಕೆಗೆಂದು ಮಾಡಿದ ಏರ್ಪಾಡೇ ರೋಗವನ್ನು ಹರಡಿದುದು ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ತಂತ್ರಜ್ಞರು ಜಾಲದೊಳಗಣ ಸಂದೇಶಗಳ ಹೊರೆಯನ್ನು ತಗ್ಗಿಸಿದ ಮೇಲೆ, ರಾತ್ರಿಯ ವೇಳೆಗೆ ಯಂತ್ರಗಳು ಸ್ಥಿಮಿತಕ್ಕೆ ಬಂದವು. ಅನಂತರ ಹಳೆಯ ಆದೇಶಸರಣಿಯನ್ನೇ ಮತ್ತೆ ಅಳವಡಿಸಲಾಯಿತು.

ಯಂತ್ರವು ಯಂತ್ರವನ್ನು ಕಾಯಬಹುದು. ಆದರೆ ಆ ಕಾವಲುಗಾರನನ್ನೂ ಪರೀಕ್ಷಿಸುವ ಹೊಣೆ ಕೊನೆಗೆ ಮನುಷ್ಯನದೇ. ಹೊಸದನ್ನು ಅಳವಡಿಸುವ ಮುನ್ನ ಒರೆಗೆ ಹಚ್ಚುವ ತಾಳ್ಮೆ, ಸಣ್ಣ ಸೂಚನೆಯನ್ನೂ ಅಲಕ್ಷಿಸದ ಎಚ್ಚರ, ಬಲಕ್ಕಿಂತ ಮೊದಲು ಅಳತೆಯನ್ನು ನಂಬುವ ವಿವೇಕ, ಇವು ಜಾಲದ ನಿಜವಾದ ಮದ್ದು. ಈ ಕೆಲಸ ಮಾಡುವವರಿಗೆ ಹೊಗಳಿಕೆ ಸಿಗುವುದು ಅಪರೂಪ. ಏಕೆಂದರೆ ಅವರ ಕೆಲಸ ಚೆನ್ನಾಗಿ ನಡೆದ ದಿನ ಹೇಳಿಕೊಳ್ಳುವಂತಹದೇನೂ ನಡೆಯುವುದಿಲ್ಲ. ಕರೆದವರಿಗೆ ಉತ್ತರ ಸಿಗುತ್ತದೆ, ಅಷ್ಟೆ.