ಮನೆಯಲ್ಲೇ ಫೋಟೋ ಪಜಲ್ ಉದ್ಯೋಗ: ಯಂತ್ರ ಕೊಳ್ಳುವ ಮೊದಲು ತಿಳಿದಿರಬೇಕಾದ ಸಂಗತಿಗಳು

ಮನೆಯಲ್ಲಿದ್ದುಕೊಂಡೇ ನಾಲ್ಕು ಕಾಸು ಸಂಪಾದಿಸಬೇಕು ಎಂದು ಯೋಚಿಸುವ ಗೃಹಿಣಿಯರು, ನಿವೃತ್ತರು ಪ್ರತಿ ಊರಿನಲ್ಲೂ ಇದ್ದಾರೆ. ಹಪ್ಪಳ, ಚಟ್ನಿಪುಡಿ, ಸೀರೆಗೆ ಕುಚ್ಚು ಕಟ್ಟುವುದು ಎಲ್ಲರಿಗೂ ಗೊತ್ತಿರುವ ದಾರಿಗಳು. ಗಿರಾಕಿ ಕೊಟ್ಟ ಫೋಟೋ ಅಥವಾ ಹೆಸರನ್ನು ಪಜಲ್ ಮಾಡಿಕೊಡುವ ಕೆಲಸವೂ ಈಗ ಈ ಸಾಲಿಗೆ ಸೇರಿದೆ. ಮದುವೆಯ ವಾರ್ಷಿಕೋತ್ಸವ, ಷಷ್ಟ್ಯಬ್ದಿ, ಗೃಹಪ್ರವೇಶ, ಹುಟ್ಟುಹಬ್ಬಗಳಿಗೆ ಇಂತಹ ಉಡುಗೊರೆ ಕೇಳುವವರಿದ್ದಾರೆ. ಕೆಲಸ ಶುಚಿಯಾದದ್ದು, ಜಾಗ ಹೆಚ್ಚು ಬೇಡ, ಒಂದು ಮೇಜು ಸಾಕು.

ಆದರೆ ಅನೇಕರು ಮೊದಲು ಯಂತ್ರ ಕೊಳ್ಳುತ್ತಾರೆ, ನಂತರ ಗಿರಾಕಿಗಳನ್ನು ಹುಡುಕುತ್ತಾರೆ. ಉಳಿತಾಯದ ಹಣವೋ ಒಡವೆ ಅಡವಿಟ್ಟ ಹಣವೋ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಹಾಗಾಗದಿರಲು ಈ ಸರಕಿನ ಸ್ವಭಾವವನ್ನು ಮೊದಲು ತಿಳಿಯಬೇಕು.

ಒಬ್ಬನೇ ಗಿರಾಕಿ ಇರುವ ಸರಕು

ಬಟ್ಟೆ ಅಂಗಡಿಯಲ್ಲಿ ಒಬ್ಬರು ಬೇಡವೆಂದ ಸೀರೆಯನ್ನು ಮತ್ತೆ ಮಡಿಸಿ ಕಪಾಟಿನಲ್ಲಿ ಇಡಬಹುದು. ಇನ್ನೊಬ್ಬರು ಅದನ್ನು ಕೊಳ್ಳುತ್ತಾರೆ. ಒಂದು ಕುಟುಂಬದ ಫೋಟೋ ಇರುವ ಪಜಲ್ ಹಾಗಲ್ಲ. ಅದಕ್ಕೆ ಜಗತ್ತಿನಲ್ಲಿ ಒಬ್ಬನೇ ಗಿರಾಕಿ. ಆತ ಬೇಡವೆಂದರೆ, ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದರೆ, ಒಂದು ತುಂಡು ಕಳೆದುಹೋದರೆ, ಸಮಾರಂಭ ಮುಗಿದ ಮರುದಿನ ತಲುಪಿದರೆ, ಅದು ರದ್ದಿಗೆ ಸಮ. ಮುಂಗಡ, ಒಪ್ಪಿಗೆ, ಎಣಿಕೆ, ಬೆಲೆ ಈ ನಾಲ್ಕರಲ್ಲೂ ಬಿಗಿಯಾಗಿ ಇರಬೇಕಾದದ್ದು ಇದೇ ಕಾರಣಕ್ಕೆ.

ಪಜಲ್ ಹುಟ್ಟಿದ್ದು ಹೀಗಲ್ಲ. 1760ರ ದಶಕದಲ್ಲಿ ಲಂಡನ್ನಿನ ನಕ್ಷೆ ಕೆತ್ತನೆಗಾರ ಜಾನ್ ಸ್ಪಿಲ್ಸ್‌ಬರಿ ಎಂಬಾತ ಭೂಪಟಗಳನ್ನು ಮರದ ಹಲಗೆಗೆ ಅಂಟಿಸಿ, ದೇಶಗಳ ಗಡಿಯ ಗುಂಟ ಕತ್ತರಿಸಿ, ಮಕ್ಕಳಿಗೆ ಭೂಗೋಳ ಕಲಿಸಲು ಮಾರಿದ. ಅದು ಯಾರಿಗೆ ಬೇಕಾದರೂ ಮಾರಬಹುದಾದ ಸಿದ್ಧ ಸರಕಾಗಿತ್ತು. ಇಂದು ಕರ್ನಾಟಕದ 31 ಜಿಲ್ಲೆಗಳ ನಕ್ಷೆಯ ಪಜಲ್ ಅದೇ ಜಾತಿಯದು. ಅದಕ್ಕೂ ತನ್ನದೇ ಅಪಾಯವಿದೆ. 2021ರಲ್ಲಿ ವಿಜಯನಗರ ಜಿಲ್ಲೆ ಆದ ಕೂಡಲೇ 30 ಜಿಲ್ಲೆಗಳ ಹಳೆಯ ನಕ್ಷೆಗಳೆಲ್ಲ ಹಳತಾದವು. ಸಿದ್ಧ ಸರಕಿಗೆ ದಾಸ್ತಾನಿನ ಚಿಂತೆ. ಆರ್ಡರ್ ಪಡೆದು ಮಾಡುವ ಸರಕಿಗೆ ದಾಸ್ತಾನಿನ ಚಿಂತೆ ಇಲ್ಲ, ತಪ್ಪಿನ ಚಿಂತೆ ಇದೆ.

ತಯಾರಿಸುವ ಎರಡು ದಾರಿ

ಮೊದಲನೆಯದು ಸಬ್ಲಿಮೇಷನ್. ಮೊದಲೇ ತುಂಡುಗಳಾಗಿ ಕತ್ತರಿಸಿ, ಒಂದೇ ಹಾಳೆಯಂತೆ ಜೋಡಿಸಿಟ್ಟ ಖಾಲಿ ಪಜಲ್ ಬೋರ್ಡುಗಳು ಮಾರುಕಟ್ಟೆಯಲ್ಲಿ ಸಿಗುತ್ತವೆ. ಅವುಗಳ ಮೇಲೆ ವಿಶೇಷ ಲೇಪನ ಇರುತ್ತದೆ. ಸಬ್ಲಿಮೇಷನ್ ಶಾಯಿಯಲ್ಲಿ ಕಾಗದದ ಮೇಲೆ ಫೋಟೋ ಮುದ್ರಿಸಿ, ಬೋರ್ಡಿನ ಮೇಲಿಟ್ಟು, ಹೀಟ್ ಪ್ರೆಸ್‌ನಲ್ಲಿ ಒತ್ತಿದರೆ ಚಿತ್ರ ಬೋರ್ಡಿಗೆ ಇಳಿಯುತ್ತದೆ. ಲೇಪನವಿಲ್ಲದ ಸಾಮಾನ್ಯ ರಟ್ಟಿನ ಮೇಲೆ ಈ ಶಾಯಿ ಸರಿಯಾಗಿ ಹಿಡಿಯುವುದಿಲ್ಲ. ಮುದ್ರಿಸುವಾಗ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿರಬೇಕು. ಹೊಸಬರು ಇದನ್ನು ಮರೆತರೆ ಹೆಸರು, ತಾರೀಖು ಎಲ್ಲವೂ ತಿರುಗುಮುರುಗಾಗಿ ಬೋರ್ಡು ಹಾಳಾಗುತ್ತದೆ.

ಎರಡನೆಯದು ಪ್ಲೈವುಡ್ ಅಥವಾ ಎಂಡಿಎಫ್ ಹಲಗೆಯನ್ನು ಲೇಸರ್ ಯಂತ್ರದಲ್ಲಿ ಕತ್ತರಿಸುವುದು. ಹೆಸರಿನ ಪಜಲ್‌ಗಳಿಗೆ ಇದು ಸೂಕ್ತ. ಆದರೆ ಈ ಯಂತ್ರವನ್ನು ವಾಸದ ಮನೆಯೊಳಗೆ ಇಡುವುದು ಒಳ್ಳೆಯದಲ್ಲ. ಎಂಡಿಎಫ್ ಕತ್ತರಿಸುವಾಗ ಅದರ ಅಂಟಿನಿಂದ ಬರುವ ಹೊಗೆ ಕಣ್ಣಿಗೆ, ಉಸಿರಿಗೆ ಕೆಟ್ಟದ್ದು. ಬೆಂಕಿ ಹತ್ತುವ ಸಾಧ್ಯತೆಯೂ ಇರುವುದರಿಂದ ಯಂತ್ರ ನಡೆಯುವಾಗ ಪಕ್ಕದಲ್ಲಿ ಒಬ್ಬರು ಇರಲೇಬೇಕು. ಈ ಕೆಲಸವನ್ನು ಹೊರಗೆ ಕೊಟ್ಟು ಮಾಡಿಸುವುದೇ ಜಾಣತನ.

ಕನ್ನಡ ಹೆಸರಿನ ಪಜಲ್

ಇಂಗ್ಲಿಷ್ ಅಕ್ಷರಗಳು ಬಿಡಿಬಿಡಿಯಾಗಿರುವುದರಿಂದ ಕತ್ತರಿಸುವುದು ಸುಲಭ. ಕನ್ನಡದಲ್ಲಿ ಒತ್ತಕ್ಷರ, ಕೊಂಬು, ದೀರ್ಘ ಇವೆ. 'ಸಮೃದ್ಧಿ' ಎಂಬ ಹೆಸರನ್ನು ಅಕ್ಷರದ ಆಕಾರದಲ್ಲೇ ಕತ್ತರಿಸಿದರೆ ಕೆಳಗಿನ ಒತ್ತು ಬೇರೆಯಾಗಿ ಬಿದ್ದುಹೋಗುತ್ತದೆ. ಮೂಲಾಕ್ಷರ, ಅದರ ಗುಣಿತ, ಅದರ ಒತ್ತು ಎಲ್ಲವನ್ನೂ ಒಂದೇ ಚೌಕದ ತುಂಡಿನಲ್ಲಿ ಇಡಬೇಕು. ಆಗ 'ಸ', 'ಮೃ', 'ದ್ಧಿ' ಎಂದು ಮೂರು ತುಂಡು. ಮಗುವಿಗೂ ಅಕ್ಷರ ಸರಿಯಾಗಿ ತಿಳಿಯುತ್ತದೆ, ತುಂಡೂ ಮುರಿಯುವುದಿಲ್ಲ.

ಇನ್ನೊಂದು ಎಚ್ಚರಿಕೆ ಫಾಂಟ್ ಬಗ್ಗೆ. ಮನೆಯ ಕಂಪ್ಯೂಟರಿನಲ್ಲಿ ಸರಿಯಾಗಿ ಕಂಡ ಹೆಸರು ಅಂಗಡಿಯ ಕಂಪ್ಯೂಟರಿನಲ್ಲಿ ಅದೇ ಫಾಂಟ್ ಇಲ್ಲದಿದ್ದರೆ ಚೆಲ್ಲಾಪಿಲ್ಲಿಯಾಗುತ್ತದೆ. ಅಕ್ಷರಗಳನ್ನು ರೇಖಾಚಿತ್ರವಾಗಿ, ಅಂದರೆ ಕೋರಲ್ ಡ್ರಾದಲ್ಲಿ ಕರ್ವ್ಸ್ ಆಗಿ ಬದಲಿಸಿಯೇ ಕಳಿಸಬೇಕು. ಜೊತೆಗೆ ಹೆಸರನ್ನು ಕೈಯಲ್ಲಿ ಬರೆದ ಚೀಟಿಯ ಫೋಟೋವನ್ನೂ ಕಳಿಸಿದರೆ ಹೋಲಿಸಿ ನೋಡಲು ಅನುಕೂಲ.

ಲೆಕ್ಕ ಹೇಗೆ ಹಾಕಬೇಕು

ಕೆಳಗಿನ ಅಂಕಿಗಳು ಲೆಕ್ಕದ ಕ್ರಮ ತಿಳಿಸಲು ಮಾತ್ರ. ತಮ್ಮ ಊರಿನ ದರವನ್ನು ವಿಚಾರಿಸಿ ಹಾಕಿಕೊಳ್ಳಬೇಕು.

ಮಗ್, ಟೀ ಶರ್ಟ್ ಮೇಲೆ ಫೋಟೋ ಹಾಕಿಕೊಡುವ ಅಂಗಡಿಯಲ್ಲಿ ಒಂದು ಎ4 ಪಜಲ್ ಮಾಡಿಸಲು 150 ರೂಪಾಯಿ ಎಂದುಕೊಳ್ಳೋಣ. ಡಬ್ಬಿ ಮತ್ತು ಪ್ಯಾಕಿಂಗ್ 40, ಆಗೀಗ ಹಾಳಾಗುವ ಬೋರ್ಡಿನ ಬಾಬ್ತು 10. ಅಲ್ಲಿಗೆ ಕೈಯಿಂದ ಹೋಗುವ ಹಣ 200 ರೂಪಾಯಿ. ಫೋಟೋ ಸರಿಪಡಿಸಲು, ಗಿರಾಕಿಯೊಂದಿಗೆ ಮಾತನಾಡಲು, ಪ್ಯಾಕ್ ಮಾಡಲು ಒಂದು ಗಂಟೆ. ಅದಕ್ಕೆ 80 ರೂಪಾಯಿ ಕೂಲಿ ಹಿಡಿಯಬೇಕು. ಮನೆಯವರೇ ಮಾಡುವುದರಿಂದ ಕೂಲಿ ಇಲ್ಲ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ಒಟ್ಟು ಖರ್ಚು 280. ಮಾರುವ ಬೆಲೆ 400 ಆದರೆ ಲಾಭ 120. ಕೊರಿಯರ್ ಖರ್ಚು ಗಿರಾಕಿಯದೇ.

ಈಗ ಒಂದು ಪಜಲ್‌ನಲ್ಲಿ ಹೆಸರು ತಪ್ಪಾಗಿ ಮತ್ತೆ ಮಾಡಿಕೊಡಬೇಕಾಯಿತು ಎಂದಿಟ್ಟುಕೊಳ್ಳಿ. ಇನ್ನೂ 280 ರೂಪಾಯಿ ಹೋಯಿತು. ಎರಡು ಸರಿಯಾದ ಪಜಲ್‌ಗಳ ಲಾಭ 240 ರೂಪಾಯಿಯೂ ಇದಕ್ಕೆ ಸಾಲದು.

ಯಂತ್ರದ ಲೆಕ್ಕವನ್ನೂ ಹೀಗೆಯೇ ನೋಡಬೇಕು. ಪ್ರಿಂಟರ್, ಹೀಟ್ ಪ್ರೆಸ್ ಸೇರಿ 45,000 ರೂಪಾಯಿ ಆಯಿತು ಎಂದುಕೊಳ್ಳೋಣ. ಅಂಗಡಿಗೆ ಕೊಡುವ 150ರ ಬದಲು ಮನೆಯಲ್ಲಿ 80 ರೂಪಾಯಿಗೆ ಆದರೆ ಒಂದಕ್ಕೆ 70 ರೂಪಾಯಿ ಉಳಿತಾಯ. ಹಾಕಿದ ಹಣ ಹಿಂದಿರುಗಲು ಸುಮಾರು 643 ಪಜಲ್ ಮಾಡಬೇಕು. ತಿಂಗಳಿಗೆ 10 ಆರ್ಡರ್ ಇದ್ದರೆ ಐದು ವರ್ಷಕ್ಕೂ ಹೆಚ್ಚು ಕಾಲ ಬೇಕು. ತಿಂಗಳಿಗೆ 60 ಬಂದರೆ 11 ತಿಂಗಳು ಸಾಕು. ಆರ್ಡರ್ ಎಷ್ಟು ಬರುತ್ತದೆ ಎಂದು ತಿಳಿಯುವ ತನಕ ಹೊರಗೆ ಮಾಡಿಸುವುದೇ ಸರಿ.

ಮುಂಗಡ ಮತ್ತು ಒಪ್ಪಿಗೆ

ಆರಂಭದ ಗಿರಾಕಿಗಳು ಹೆಚ್ಚಾಗಿ ನೆಂಟರು, ಅಕ್ಕಪಕ್ಕದವರು. ಅವರ ಬಳಿ ಮುಂಗಡ ಕೇಳಲು ಸಂಕೋಚ. ಆದರೆ ಬೇರೆಯವರಿಗೆ ಮಾರಲಾಗದ ಸರಕಿಗೆ ಕನಿಷ್ಠ ಖರ್ಚಿನಷ್ಟಾದರೂ ಮುಂಗಡ ಬೇಕೇ ಬೇಕು. ಮೇಲಿನ ಲೆಕ್ಕದಲ್ಲಿ 400ಕ್ಕೆ 280. 'ಎಲ್ಲರಿಗೂ ಒಂದೇ ನಿಯಮ, ಮುಂಗಡ ಬಂದ ದಿನದಿಂದ ಕೆಲಸ ಶುರು' ಎಂದು ದರಪಟ್ಟಿಯಲ್ಲೇ ಬರೆದುಬಿಟ್ಟರೆ ಬಾಯಿಬಿಟ್ಟು ಕೇಳುವ ಮುಜುಗರ ಇರುವುದಿಲ್ಲ. ಸಂಬಂಧಕ್ಕೂ ಪೆಟ್ಟು ಬೀಳುವುದಿಲ್ಲ.

ಮುದ್ರಣಕ್ಕೆ ಮುಂಚೆ ಮಾದರಿ ಚಿತ್ರವನ್ನು ವಾಟ್ಸಾಪ್‌ನಲ್ಲಿ ಕಳಿಸಿ, ಹೆಸರು ಮತ್ತು ತಾರೀಖನ್ನು ಓದಿ ನೋಡಿ 'ಸರಿ ಇದೆ' ಎಂದು ಬರೆದು ಕಳಿಸುವಂತೆ ಕೇಳಬೇಕು. ಫೋನಿನಲ್ಲಿ ಹೇಳಿದ್ದು ಸಾಲದು. 'ಶಾಂತ' ಮತ್ತು 'ಶಾಂತಾ' ಕಿವಿಗೆ ಹತ್ತಿರ, ಪಜಲ್‌ನಲ್ಲಿ ಬೇರೆ.

ಫೋಟೋವನ್ನು ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಬೇಕು. ಮಾಮೂಲಿಯಾಗಿ ಕಳಿಸಿದರೆ ಚಿತ್ರ ಕುಗ್ಗಿ ಮಸುಕಾಗುತ್ತದೆ. ಎ4 ಅಳತೆಗೆ ಸ್ಪಷ್ಟವಾಗಿ ಬರಲು ಸುಮಾರು 2480 × 3508 ಪಿಕ್ಸೆಲ್ ಇದ್ದರೆ ಉತ್ತಮ. ಮುಖಗಳು ತೀರ ಚಿಕ್ಕದಾಗಿರುವ ಗುಂಪು ಫೋಟೋ, ಅರ್ಧಕ್ಕಿಂತ ಹೆಚ್ಚು ಬರೀ ಗೋಡೆ ಅಥವಾ ಆಕಾಶ ಇರುವ ಫೋಟೋ ಪಜಲ್‌ಗೆ ಹೊಂದುವುದಿಲ್ಲ ಎಂದು ಮೊದಲೇ ತಿಳಿಸಬೇಕು.

ದೇವರ, ತೀರ್ಥಂಕರರ, ಮುನಿಗಳ ಚಿತ್ರದ ಬೇಡಿಕೆಯೂ ಬರಬಹುದು. ಆ ಚಿತ್ರ ತುಂಡಾಗಿ ನೆಲದ ಮೇಲೆ ಹರಡುತ್ತದೆ, ಕಾಲಿಗೆ ಸಿಗುತ್ತದೆ, ಕೊನೆಗೆ ಕಸದಲ್ಲಿ ಹೋಗುತ್ತದೆ ಎಂಬುದನ್ನು ಯೋಚಿಸಬೇಕು. ಇಂತಹ ಚಿತ್ರವನ್ನು ಕತ್ತರಿಸದೆ ಚೌಕಟ್ಟಿನ ಫೋಟೋವಾಗಿ ಮಾಡಿಕೊಡುತ್ತೇವೆ ಎಂದರೆ ಗಿರಾಕಿಗೂ ಸಮಾಧಾನ. ಸಿನಿಮಾ ನಟರ ಫೋಟೋ, ಕಾರ್ಟೂನ್ ಪಾತ್ರಗಳಿಗೆ ಬೇರೆಯವರ ಹಕ್ಕು ಇರುತ್ತದೆ. ಅವನ್ನು ಒಪ್ಪಿಕೊಳ್ಳಬಾರದು. ಗಿರಾಕಿಯ ಕುಟುಂಬದ, ಅದರಲ್ಲೂ ಮಕ್ಕಳ ಫೋಟೋವನ್ನು ಕೇಳದೆ ಜಾಹೀರಾತಿಗೆ ಬಳಸಬಾರದು.

ಒಂದು ತುಂಡೂ ಕಳೆಯಬಾರದು

ಒಂದು ಆರ್ಡರಿಗೆ ಒಂದು ತಟ್ಟೆ ಇರಬೇಕು. ಎರಡು ಪಜಲ್‌ಗಳು ಒಂದೇ ಮೇಜಿನ ಮೇಲೆ ಬಿಡಿಯಾಗಿ ಇರಬಾರದು. ಸಬ್ಲಿಮೇಷನ್ ಬೋರ್ಡನ್ನು ಬಿಡಿಸದೆ, ಜೋಡಿಸಿದ ಹಾಳೆಯ ರೂಪದಲ್ಲೇ ಪ್ಯಾಕ್ ಮಾಡಿದರೆ ತುಂಡು ಕಳೆಯುವ ಪ್ರಶ್ನೆಯೇ ಇಲ್ಲ. ಹಲಗೆಯ ಪಜಲ್ ಆದರೆ ಒಮ್ಮೆ ಪೂರ್ತಿ ಜೋಡಿಸಿ, ಫೋಟೋ ತೆಗೆದು, ನಂತರ ಡಬ್ಬಿಗೆ ಹಾಕಬೇಕು. ಮುಂದೆ 'ಒಂದು ತುಂಡು ಇರಲಿಲ್ಲ' ಎಂಬ ಮಾತು ಬಂದರೆ ಆ ಫೋಟೋ ಉಪಯೋಗಕ್ಕೆ ಬರುತ್ತದೆ.

ಕಾನೂನು ಮತ್ತು ನೋಂದಣಿ

ಇದು ಹೆಚ್ಚಿನವರಿಗೆ ಗೊತ್ತಿಲ್ಲದ ವಿಷಯ. 14 ವರ್ಷದೊಳಗಿನ ಮಕ್ಕಳ ಆಟಕ್ಕೆಂದು ಮಾಡಿದ ವಸ್ತು ಕಾನೂನಿನ ಪ್ರಕಾರ ಆಟಿಕೆ. 2021ರ ಜನವರಿ 1ರಿಂದ ಆಟಿಕೆಗಳಿಗೆ ಬಿಐಎಸ್ ಪರವಾನಗಿ ಮತ್ತು ಐಎಸ್‌ಐ ಗುರುತು ಕಡ್ಡಾಯವಾಗಿದೆ. ಮಗುವಿನ ಹೆಸರಿನ ಮರದ ಪಜಲ್ ಕೂಡ ಇದರಲ್ಲೇ ಬರುತ್ತದೆ. ಮನೆಯಲ್ಲಿ ಮಾಡಿದ್ದು ಎಂಬ ಕಾರಣಕ್ಕೆ ವಿನಾಯಿತಿ ಇಲ್ಲ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ತಾವೇ ತಯಾರಿಸಿ ಮಾರುವ ವಸ್ತುಗಳಿಗೆ ಮತ್ತು ಚನ್ನಪಟ್ಟಣದ ಗೊಂಬೆಗಳಂತೆ ಭೌಗೋಳಿಕ ಸೂಚಕ ಪಡೆದ ಉತ್ಪನ್ನಗಳ ನೋಂದಾಯಿತ ತಯಾರಕರಿಗೆ ವಿನಾಯಿತಿ ಇದೆ. ಆದ್ದರಿಂದ ದೊಡ್ಡವರ ಉಡುಗೊರೆಗೆಂದೇ ಮಾಡುವ ಫೋಟೋ ಪಜಲ್‌ನಿಂದ ಆರಂಭಿಸಿ, ಮಕ್ಕಳ ಪಜಲ್‌ಗೆ ಕೈ ಹಾಕುವ ಮೊದಲು ಬಿಐಎಸ್ ಕಚೇರಿಯಲ್ಲಿ ವಿಚಾರಿಸುವುದು ಒಳಿತು. ನಿಯಮವಿರಲಿ ಬಿಡಲಿ, ಮೂರು ವರ್ಷದೊಳಗಿನ ಮಗುವಿನ ಕೈಗೆ ಬಾಯೊಳಗೆ ಹೋಗುವಷ್ಟು ಸಣ್ಣ ತುಂಡು ಕೊಡಲೇಬಾರದು. ಅದು ಗಂಟಲಲ್ಲಿ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ.

ಉದ್ಯಮ್ ನೋಂದಣಿ ಸರ್ಕಾರಿ ಪೋರ್ಟಲ್‌ನಲ್ಲಿ ಪೂರ್ಣ ಉಚಿತ. ಇದಕ್ಕೆ ಹಣ ಕೇಳುವವರನ್ನು ನಂಬಬಾರದು. ಬ್ಯಾಂಕ್ ಸಾಲ ಕೇಳುವಾಗ ಈ ಪ್ರಮಾಣಪತ್ರ ಸಹಾಯಕ್ಕೆ ಬರುತ್ತದೆ. ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ ಸಾಲಕ್ಕೆ ಅವಕಾಶವಿದೆ.

ಸರಕು ಮಾರುವವರಿಗೆ ಕರ್ನಾಟಕದೊಳಗೆ ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಆದರೆ ಹೊರರಾಜ್ಯಕ್ಕೆ ಮಾರಿದರೆ ಈ ಮಿತಿ ಅನ್ವಯಿಸುವುದಿಲ್ಲ. ಮುಂಬೈ, ಚೆನ್ನೈನ ನೆಂಟರಿಗೆ ಹಣ ಪಡೆದು ಕೊರಿಯರ್ ಮಾಡುವುದೂ ಹೊರರಾಜ್ಯದ ಮಾರಾಟವೇ. ಅದಕ್ಕೆ ಮುನ್ನ ತೆರಿಗೆ ಸಲಹೆಗಾರರನ್ನು ಕೇಳಬೇಕು. 2025ರ ಜುಲೈನಲ್ಲಿ ಯುಪಿಐ ಜಮೆಯ ಆಧಾರದ ಮೇಲೆ ರಾಜ್ಯದ ಅನೇಕ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಬಂದದ್ದು ಎಲ್ಲರಿಗೂ ನೆನಪಿದೆ. ಮನೆಖರ್ಚಿನ ಹಣ ಮತ್ತು ವ್ಯಾಪಾರದ ಹಣ ಬೇರೆ ಬೇರೆ ಬ್ಯಾಂಕ್ ಖಾತೆಯಲ್ಲಿದ್ದರೆ, ಪ್ರತಿ ಆರ್ಡರಿಗೂ ಒಂದು ರಸೀದಿ ಇದ್ದರೆ ಗಾಬರಿ ಪಡಬೇಕಿಲ್ಲ.

ಮೊದಲ 20 ಆರ್ಡರ್

ಮೊದಲು ಮನೆಯ ಫೋಟೋದಿಂದಲೇ ಎರಡು ಮಾದರಿ ಮಾಡಿಸಿ ಪರಿಚಿತರಿಗೆ ತೋರಿಸಬೇಕು. ನಂತರ ಒಂದು ನೋಟ್ ಪುಸ್ತಕದಲ್ಲಿ 20 ಆರ್ಡರ್‌ವರೆಗೆ ಈ ವಿವರ ಬರೆಯಬೇಕು: ಆರ್ಡರ್ ಬಂದ ದಿನ, ಕೊಡಬೇಕಾದ ದಿನ, ಮುಂಗಡ, ಖರ್ಚು, ಹಿಡಿದ ಸಮಯ, ಆದ ತಪ್ಪು, ಉಳಿದ ಲಾಭ. ಸಮಾರಂಭದ ದಿನಕ್ಕಿಂತ ಮೂರು ದಿನ ಮುಂಚಿನ ತಾರೀಖನ್ನೇ ಕೊಡಬೇಕಾದ ದಿನವೆಂದು ಬರೆದುಕೊಳ್ಳಬೇಕು.

20 ಆರ್ಡರ್ ಮುಗಿಯಲು ಎಷ್ಟು ತಿಂಗಳು ಬೇಕಾಯಿತು, ಎಷ್ಟು ಪಜಲ್ ಮತ್ತೆ ಮಾಡಬೇಕಾಯಿತು, ಕೂಲಿ ಕಳೆದು ಎಷ್ಟು ಉಳಿಯಿತು ಎಂಬುದು ಆ ಪುಸ್ತಕದಲ್ಲೇ ಸಿಗುತ್ತದೆ. ಯಂತ್ರ ಕೊಳ್ಳಬೇಕೇ ಬೇಡವೇ ಎಂಬುದನ್ನು ಮನೆಯವರೆಲ್ಲ ಕೂತು ಅದನ್ನು ನೋಡಿ ನಿರ್ಧರಿಸಬಹುದು. ಬೇಡವೆಂದು ತೀರ್ಮಾನಿಸಿದರೂ ಕಳೆದುಕೊಂಡದ್ದು ಎರಡು ಮಾದರಿಗಳ ಖರ್ಚು ಮಾತ್ರ. ಮನೆಯ ಉಳಿತಾಯ, ಒಡವೆ ಎರಡೂ ಇದ್ದಲ್ಲೇ ಇರುತ್ತವೆ.