ಮುಟ್ಟಿನ ದಿನಗಳಲ್ಲಿ ನಮ್ಮ ಹೆಣ್ಣುಮಕ್ಕಳು

ನಮ್ಮ ಬಯಲುಸೀಮೆಯಲ್ಲಿ ಮಗಳು ಮೈನೆರೆದಳೆಂದರೆ ಮನೆಯಲ್ಲಿ ಸಂಭ್ರಮ. ಸೋದರಮಾವ ಸೀರೆ ತರುತ್ತಾನೆ, ಮುತ್ತೈದೆಯರು ಆರತಿ ಎತ್ತುತ್ತಾರೆ, ಚಿಗಳಿ, ಕೊಬ್ಬರಿ, ಬೆಲ್ಲ, ತುಪ್ಪ ಎಂದು ತಿನ್ನಿಸುವುದೇ ತಿನ್ನಿಸುವುದು. ಮರುತಿಂಗಳು ಅದೇ ಮಗಳು ಹಿತ್ತಿಲ ಬಾಗಿಲಲ್ಲಿ ಚಾಪೆ ಹಾಸಿಕೊಂಡು, ದೂರದಿಂದ ಬಡಿಸಿದ್ದನ್ನು ಬೇರೆ ತಟ್ಟೆಯಲ್ಲಿ ಉಣ್ಣುತ್ತಾಳೆ. ತಾನು ಮಾಡಿದ ತಪ್ಪೇನೆಂದು ಆ ಮಗುವಿಗೆ ಯಾರೂ ಹೇಳುವುದಿಲ್ಲ. ಅವಳೂ ಕೇಳುವುದಿಲ್ಲ.

ನನ್ನಿವಾಳದಂಥ ಊರುಗಳ ಸುತ್ತ ಕಾಡುಗೊಲ್ಲರ ಹಟ್ಟಿಗಳಿವೆ. ಮುಟ್ಟಾದವರನ್ನೂ ಬಾಣಂತಿಯರನ್ನೂ ಹಟ್ಟಿಯ ಹೊರಗಿಡುವ ರೂಢಿ ಆ ಸಮುದಾಯದಲ್ಲಿ ಬೇರೂರಿದ್ದುದು ಎಲ್ಲರೂ ಬಲ್ಲ ಸಂಗತಿ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ, ಊರಾಚೆಯ ಗುಡಿಸಲಿನಲ್ಲಿದ್ದ ಬಾಣಂತಿಯ ಹಸುಗೂಸು ತೀರಿಕೊಂಡಿತು. ಹೀಗೆ ಬಲವಂತದಿಂದ ಹೊರಗಿಡುವುದು 2017ರ ಅಮಾನವೀಯ ದುಷ್ಟ ಪದ್ಧತಿಗಳ ಪ್ರತಿಬಂಧಕ ಕಾಯ್ದೆಯ ಪ್ರಕಾರ ಅಪರಾಧ. ಆ ಸುದ್ದಿ ಓದಿ ನಾವೆಲ್ಲ ಮರುಗಿದೆವು. ಆದರೆ ನಮ್ಮ ಹಿತ್ತಿಲ ಚಾಪೆಯೂ ಅದೇ ನೂಲಿನಿಂದ ನೇಯ್ದದ್ದಲ್ಲವೇ?

ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳು ಇಷ್ಟಲಿಂಗಧಾರಿಗೆ ಇಲ್ಲವೆಂದು ಹನ್ನೆರಡನೆಯ ಶತಮಾನದಲ್ಲಿಯೇ ಶರಣರು ಸಾರಿದರು. ಮುಟ್ಟಿನ ದಿನದಲ್ಲಿಯೂ ಹೆಣ್ಣು ಲಿಂಗಪೂಜೆಗೆ ಅರ್ಹಳು. ದೇವರನ್ನೇ ಅಂಗೈಯಲ್ಲಿ ಹಿಡಿಯಬಲ್ಲವಳು ಅಡುಗೆಮನೆಯ ಕೊಡ ಮುಟ್ಟಬಾರದೆಂದರೆ, ತಾಯಂದಿರೇ, ಇದಕ್ಕೆ ಏನೆನ್ನೋಣ?

ಇದರಿಂದ ಮಗುವಿಗಾಗುವ ನಷ್ಟ ಮನಸ್ಸಿನದು ಮಾತ್ರವಲ್ಲ. ತಿಂಗಳಿಗೆ ಮೂರು ದಿನ ಶಾಲೆ ತಪ್ಪಿದರೆ ಹತ್ತು ತಿಂಗಳ ಶಾಲಾ ವರ್ಷದಲ್ಲಿ 30 ದಿನ ಹೋದವು. ಗಣಿತದ ಒಂದೆರಡು ಪಾಠ ತಪ್ಪಿದವಳಿಗೆ ಮುಂದಿನವು ತಲೆಗೆ ಹತ್ತವು. ಶಾಲೆಗೆ ಹೋದರೂ ಲಂಗಕ್ಕೆ ಕಲೆಯಾದೀತೆಂಬ ಅಂಜಿಕೆಯಿಂದ ಆಟಕ್ಕೆ ಏಳುವುದಿಲ್ಲ. ಶೌಚಾಲಯದಲ್ಲಿ ನೀರಿಲ್ಲದಿದ್ದರೆ ಬೆಳಗಿನಿಂದ ಸಂಜೆಯವರೆಗೆ ನೀರು ಕುಡಿಯದೆ, ಮೂತ್ರ ಬಿಗಿಹಿಡಿದು ಕೂರುತ್ತಾಳೆ. ಮೂತ್ರನಾಳದ ಸೋಂಕಿಗೆ ಇದೂ ಒಂದು ದಾರಿ.

ಹೊಟ್ಟೆನೋವನ್ನು ಹಿರಿಯರು ‘ನಟನೆ’ ಎಂದುಬಿಡುವುದುಂಟು. ಅದು ನಟನೆಯಲ್ಲ. ಆ ದಿನಗಳಲ್ಲಿ ಗರ್ಭಕೋಶದಲ್ಲಿ ಸ್ರವಿಸುವ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಅಲ್ಲಿನ ಸ್ನಾಯುಗಳನ್ನು ಹಿಂಡುತ್ತದೆ. ಸೊಂಟನೋವು, ವಾಕರಿಕೆ, ಭೇದಿ ಸಹ ಆಗಬಹುದು. ಬಿಸಿನೀರಿನ ಶಾಖ ಹಿತ. ಸಾಲದಿದ್ದರೆ ವೈದ್ಯರ ಸಲಹೆಯಂತೆ ಮಾತ್ರೆ ಕೊಡಬೇಕು; ಮಾತ್ರೆ ತಿಂದರೆ ಬಂಜೆಯಾಗುತ್ತಾಳೆಂಬುದು ಬರಿಯ ಕಟ್ಟುಕಥೆ. ಶಾಲೆ ಬಿಡಿಸುವಷ್ಟು ನೋವು, ಏಳು ದಿನ ಮೀರಿದ ಸ್ರಾವ, ಗಂಟೆ ಎರಡು ಗಂಟೆಗೊಮ್ಮೆ ಪ್ಯಾಡ್ ತೊಯ್ಯುವುದು, ಹದಿನೈದು ತುಂಬಿದರೂ ಮುಟ್ಟಾಗದಿರುವುದು, ಇವನ್ನು ವೈದ್ಯರಿಗೆ ತೋರಿಸಲೇಬೇಕು. ಮೊದಲ ಒಂದೆರಡು ವರ್ಷ ತಿಂಗಳ ಲೆಕ್ಕ ಹಿಂದುಮುಂದಾದರೆ ಸಾಮಾನ್ಯವಾಗಿ ಗಾಬರಿ ಬೇಡ.

ರಕ್ತಹೀನತೆಯದು ಇನ್ನೊಂದು ಕಥೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 19 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಮಂದಿ ರಕ್ತಹೀನರು. ಪುಸ್ತಕ ಹಿಡಿದೊಡನೆ ತೂಕಡಿಸುವ, ಮೆಟ್ಟಿಲೇರಿ ಏದುಸಿರು ಬಿಡುವ ಮಗಳನ್ನು ‘ಸೋಮಾರಿ’ ಎಂದು ಗದರುವ ಮುನ್ನ ಅವಳ ರಕ್ತ ಪರೀಕ್ಷೆ ಮಾಡಿಸಿ. ಆರತಿಯ ದಿನ ಕೊಟ್ಟ ಚಿಗಳಿಯನ್ನು ಪ್ರತಿ ತಿಂಗಳೂ ಏಕೆ ಕೊಡಬಾರದು? ಎಣ್ಣೆ ಗಾಣಗಳಿಗೆ ಹೆಸರಾದ ಚಳ್ಳಕೆರೆಯಲ್ಲಿ ಶೇಂಗಾಕ್ಕೆ ಬರವೇ? ರಾಗಿ, ಹುರುಳಿ, ನುಗ್ಗೆಸೊಪ್ಪು ನಮ್ಮ ಹೊಲದವೇ. ಜೊತೆಗೆ ನಿಂಬೆ ಹಿಂಡಿದರೆ ಕಬ್ಬಿಣಾಂಶ ಮೈಗೆ ಹತ್ತುತ್ತದೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯನ್ನು ಊಟದ ನಂತರ ನುಂಗಲಿ. ಎಸೆದು ಬರುವವರೇ ಹೆಚ್ಚೆಂದು ನನ್ನ ಅನುಮಾನ.

ಬಟ್ಟೆ ಬಳಸುವುದು ತಪ್ಪಲ್ಲ. ಸಾಬೂನು ಹಾಕಿ ಒಗೆದು ಬಿಸಿಲಿನಲ್ಲಿ ಒಣಗಿಸಬೇಕು. ನಾಚಿಕೆಯಿಂದ ಕತ್ತಲೆ ಮೂಲೆಯಲ್ಲಿ, ಸೀರೆಯಡಿ ಒಣಹಾಕಿದ ಬಟ್ಟೆಯೇ ತುರಿಕೆಗೂ ಸೋಂಕಿಗೂ ಮೂಲ. ಪ್ಯಾಡ್ ಆದರೆ ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಬೇಕು. ಸರ್ಕಾರದ ಶುಚಿ ಯೋಜನೆ 2013–14ರಲ್ಲಿ ಆರಂಭವಾಗಿ, ನಡುವೆ ಕೆಲವು ವರ್ಷ ನಿಂತು, 2024ರಲ್ಲಿ ಮರಳಿತು. ನಿಮ್ಮೂರ ಶಾಲೆಗೆ ತಲುಪುತ್ತಿದೆಯೇ ಎಂದು ಮುಖ್ಯೋಪಾಧ್ಯಾಯರನ್ನು ಕೇಳುವ ಹಕ್ಕು ಪೋಷಕರಿಗಿದೆ.

ಹಾಗೆಯೇ ಗೃಹಸ್ಥರಿಗೂ ಒಂದು ಮಾತು. ಚಳ್ಳಕೆರೆ ಪೇಟೆಗೆ ಹೋದಾಗ ಮಗಳಿಗೆ ನೋಟುಬುಕ್ಕಿನ ಜೊತೆ ಪ್ಯಾಡಿನ ಪೊಟ್ಟಣವನ್ನೂ ತನ್ನಿ. ಅಂಗಡಿಯವನು ಹಳೆಯ ಪತ್ರಿಕೆಯಲ್ಲಿ ಸುತ್ತಲು ಹೊರಟರೆ, ಬೇಡವೆನ್ನಿ.